ಎಂಟು ಗ್ರಾಂ

ಪಾಪಾಚಾರ್ರು ಬಂದದ್ದು ಮಂಗಳವಾರ, ಕರೆಂಟು ಹೋದ ಹೊತ್ತಿಗೆ.
"ನಂದೂ ಒಂದು ಬ್ರೋಷರ್ ಆಗ್ಬೇಕಮ್ಮಾ" ಅಂದರು,
ಬೀಡಿಯನ್ನು ಹೊಸ್ತಿಲಾಚೆ ಹೊಸಕಿ.
ಚಿಂತಾಮಣಿಯಲ್ಲಿ ಅವರ ಕೈ ತಾಕದ ತಕ್ಕಡಿಯಿಲ್ಲ:
ಕಡಲೆಕಾಯಿ ಮಂಡಿಯದು, ಟೊಮೆಟೊ ಮಾರ್ಕೆಟ್ಟಿನದು,
ಚಿನ್ನದಂಗಡಿಯ ಗಾಜಿನ ಪೆಟ್ಟಿಗೆಯೊಳಗೆ ನಡುಗುವುದು.
ಈಗ ಎಲ್ಲರದೂ ಎಲೆಕ್ಟ್ರಾನಿಕ್ಕು,
ಕೆಟ್ಟರೆ ಬಿಸಾಕಿ ಇನ್ನೊಂದು ತರುತ್ತಾರಂತೆ.
"ಅದನ್ನೂ ನಾನು ರಿಪೇರಿ ಮಾಡ್ತೀನಿ. ಯಾರಿಗೂ ಗೊತ್ತಿಲ್ಲ."

ಹದಿನಾಲ್ಕು ವರ್ಷದಿಂದ ಇದೇ ಕುರ್ಚಿಯಲ್ಲಿ ಕೂತು
ಲಗ್ನಪತ್ರಿಕೆ, ತಿಥಿ ಕಾರ್ಡು, ಬೋರ್‌ವೆಲ್ ಬಿಲ್‌ಬುಕ್ಕು ಮಾಡಿದವಳು ನಾನು.
ನನ್ನ ಹತ್ತಿರ ಒಂದು ಅಚ್ಚಿದೆ, ಯಾವ ಅಂಗಡಿ ಸುರಿದರೂ ಸೈ:
ಮೇಲೆ ದೇವರು, ಕೆಳಗೆ "ನಂಬಿಕೆಗೆ ಇನ್ನೊಂದು ಹೆಸರು",
ಮೂಲೆಯಲ್ಲಿ ಕುಲುಕುವ ಎರಡು ಬಿಳಿ ಕೈ,
ಕೆಂಪು ನಕ್ಷತ್ರದೊಳಗೆ "ಜಿಲ್ಲೆಗೇ ನಂಬರ್ ಒನ್".

ಕರೆಂಟು ಬಂತು. ಆಚಾರ್ರು ಕನ್ನಡಕ ಹಣೆಗೇರಿಸಿ ಓದಿದರು,
ಒಂದೊಂದು ಪದವನ್ನೂ ಬಟ್ಟಿನ ಹಾಗೆ ಎತ್ತಿ, ತಿರುಗಿಸಿ,
ಬೆನ್ನಿನ ಸೀಸದಲ್ಲಿ ಸರ್ಕಾರದ ಮುದ್ರೆ ಹುಡುಕುವವರಂತೆ.
"ನಂಬರ್ ಒನ್ ಅಂತ ತೂಗಿದ್ದು ಯಾರು?"
ಅಳಿಸಿದೆ.
"ಅತ್ಯಾಧುನಿಕ ಅಂದ್ರೆ?"
ನನಗೂ ಗೊತ್ತಿರಲಿಲ್ಲ. ಅಳಿಸಿದೆ.
"ಈ ಕೈಗಳು ಯಾರವು?"
ನಂಬಿಕೆಯ ಸಾಲಿಗೆ ಬಂದು ಒಂದು ಗಳಿಗೆ ನಿಂತರು.
"ನಂಬಿಕೆ ಇದ್ದಿದ್ರೆ ತಕ್ಕಡಿ ಯಾಕಮ್ಮಾ ಬೇಕಿತ್ತು?"

ಉಳಿದದ್ದು ಇಷ್ಟು:
ತಕ್ಕಡಿ ರಿಪೇರಿ. ಹಳೆಯದು, ಎಲೆಕ್ಟ್ರಾನಿಕ್, ಎರಡೂ.
ಬೆಳಿಗ್ಗೆ ಕೊಟ್ಟರೆ ಸಂಜೆಗೆ.
ಕೆಟ್ಟಿಲ್ಲದಿದ್ದರೆ ಕೆಟ್ಟಿಲ್ಲ ಅನ್ನುತ್ತೇವೆ, ಅದಕ್ಕೆ ದುಡ್ಡಿಲ್ಲ.
ಮುದ್ರೆ ಹಾಕಿಸುವ ತಿಂಗಳು ನಾವೇ ಜ್ಞಾಪಿಸುತ್ತೇವೆ.
ಚೇಳೂರು ರಸ್ತೆ, ಪಂಕ್ಚರ್ ಅಂಗಡಿ ಪಕ್ಕ, ಮೆಟ್ಟಿಲ ಕೆಳಗೆ.
ಫೋನ್ ನಂಬರು ಮಾತ್ರ ದೊಡ್ಡದು,
ಮಂಡಿಯ ಮುದುಕರು ತೋಳು ಚಾಚಿ ಹಿಡಿದರೂ ಕಾಣುವಷ್ಟು.

ಫೋಟೋಕ್ಕೆ ಮುಖ ಬೇಡವೆಂದರು.
ಕೈಯನ್ನು ತೆಗೆದೆ: ಕಪ್ಪುಗಟ್ಟಿದ ಹೆಬ್ಬೆರಳ ಉಗುರು,
ಎರಡು ಬೆರಳ ನಡುವೆ ಅರ್ಧ ಗ್ರಾಮಿನ ತಗಡು.

ನಡುಮಡಿಕೆ ಖಾಲಿ ಉಳಿಯಿತು.
ಕೈ ತಡೆಯದೆ ಎಲ್ಲಿಂದಲೋ ಒಂದು ಹೂಬಳ್ಳಿ ಎಳೆದು ತಂದೆ.
"ಬಿಡಮ್ಮಾ, ಬಿಡು.
ತೂಗೋಕೆ ಮುಂಚೆ ತಟ್ಟೆ ಖಾಲಿ ಇರ್ಬೇಕು,
ಮುಳ್ಳು ನಿಲ್ಲೋವರ್ಗೂ ಕಾಯ್ಬೇಕು."

ಕಾಗದ ಯಾವುದೆಂದರು. ನೂರೆಪ್ಪತ್ತು ಜಿಎಸ್‌ಎಂ ಅಂದೆ,
ಕೈಗೆ ಭಾರವಾಗಿ ಕೂರುತ್ತೆ, ಬಿಸಾಕಲು ಮನಸ್ಸಾಗಲ್ಲ.
ಹಾಗಂದರೇನೆಂದರು. ನಾನೇ ಹೇಳಿಕೊಟ್ಟೆ, ನನ್ನ ಕರ್ಮ:
ಒಂದು ಚದರ ಮೀಟರು ಕಾಗದದ ತೂಕ,
ಈ ಹಾಳೆ ಅದರ ಹದಿನಾರನೇ ಒಂದು ಪಾಲು.

ಶನಿವಾರ ಸಾವಿರ ಪ್ರತಿ ಕಟ್ಟಿಕೊಟ್ಟೆ.
ಸೋಮವಾರ ಒಂದೇ ಒಂದು ಹಿಡಿದು ಬಂದರು.
ಚೀಲದಿಂದ ಚಿನ್ನದಂಗಡಿಯ ತಕ್ಕಡಿ ತೆಗೆದು
ನನ್ನ ಕೀಬೋರ್ಡು ಸರಿಸಿ ಇಟ್ಟರು.
ಫ್ಯಾನು ಆರಿಸಿದರು.
ಇಬ್ಬರೂ ಉಸಿರು ಹಿಡಿದೆವು.
ಎಂಟು ಗ್ರಾಂ. ಮೇಲೊಂದು ಗುಲಗಂಜಿ.
"ಹತ್ತೂವರೆ ಬರ್ಬೇಕಿತ್ತಲ್ವಾ?"
ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದ್ದು ತಾವೇ ಏನೋ ಎಂಬಂತೆ.

ನೂರ ಮೂವತ್ತರದ್ದು ಹಾಕಿ ನೂರೆಪ್ಪತ್ತರ ಬಿಲ್ಲು.
ಎಲ್ಲ ಪ್ರೆಸ್ಸಿನಲ್ಲೂ ಇದ್ದದ್ದೇ, ಓನರು ಕಲಿಸಿದ್ದೇ,
ಬೆರಳಿಗೆ ತಿಳಿಯದಷ್ಟು ವ್ಯತ್ಯಾಸ.
ಎಲ್ಲ ನಾಲಿಗೆಯ ತುದಿಗೆ ಬಂದವು,
ಒಂದರ ಬೆನ್ನಲ್ಲೂ ಮುದ್ರೆಯಿರಲಿಲ್ಲ.

ನನ್ನ ಬ್ಯಾಗಿನಿಂದಲೇ ತೆಗೆದು ಎಣಿಸಿಟ್ಟೆ,
ಆರುನೂರ ನಲವತ್ತು.
ಆಚಾರ್ರು ಎಣಿಸದೆ ಜೇಬಿಗಿಳಿಸಿದರು.
ತಕ್ಕಡಿಯನ್ನು ಹಳೆಯ ಬನಿಯನ್ನಿನಲ್ಲಿ, ಮಗುವಿನಂತೆ, ಸುತ್ತಿಕೊಂಡರು.
ಬಾಗಿಲವರೆಗೆ ಹೋಗಿ ತಿರುಗಿದರು.
"ಫ್ಯಾನು ಹಾಕ್ಕೊಳ್ಳಮ್ಮಾ" ಅಂದರು,
"ಸೆಕೆ."